ಅರ್ಥವಾಗದ ಹಾಡಿಗೆ ಮನಸೋಲುವುದೇಕೆ?

ತಮಿಳಿನ ಒಂದಕ್ಷರವನ್ನೂ ಓದಲಾರದವರು ತಮಿಳು ಚಲನಚಿತ್ರದ ಪ್ರೇಮಗೀತೆಯೊಂದನ್ನು ದಿನವಿಡೀ ಗುನುಗುತ್ತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. 1992ರಲ್ಲಿ ಮಣಿರತ್ನಂ ಅವರ 'ರೋಜಾ' ತೆರೆಕಂಡಿತು. ಎ. ಆರ್. ರಹಮಾನರಿಗೆ ಹೆಸರು ತಂದ ಆ ಚಿತ್ರದ ಹಾಡುಗಳು ತಮಿಳುನಾಡಿನ ಎಲ್ಲೆಯನ್ನು ದಾಟಿ, ಹಿಂದಿಯ ಬೇರೆ ಪದಗಳನ್ನು ತೊಟ್ಟು ದೇಶದ ತುಂಬ ಹರಡಿದವು. ಪದಗಳು ಬದಲಾದರೂ ಮೋಹವು ಕುಂದಲಿಲ್ಲ. ಹಾಗಾದರೆ ನಾವು ಸೋಲುವುದು ಯಾವುದಕ್ಕೆ? 'ಸೊಗಸಾದ ರಾಗ' ಎಂದುಬಿಟ್ಟರೆ ಅದು ಉತ್ತರವಾಗದು. ಪ್ರಶ್ನೆಯನ್ನೇ ಇನ್ನೊಂದು ಮಾತಿನಲ್ಲಿ ಹೇಳಿದಂತಾಗುವುದು ಅಷ್ಟೆ.

ಹಾಡಿನ ಕಟ್ಟಡವನ್ನು ಮೊದಲು ನೋಡೋಣ. ವಾದ್ಯಗಳ ಪೀಠಿಕೆ, ಬಳಿಕ ಪಲ್ಲವಿ, ನಡುವೆ ವಾದ್ಯಗಳದೇ ಒಂದು ಸಂಚಾರ, ಆಮೇಲೆ ಚರಣ, ಮತ್ತೆ ಪಲ್ಲವಿ — ಬಹುಮಟ್ಟಿಗೆ ತಮಿಳು ಚಿತ್ರಗೀತೆಯ ಕ್ರಮವಿದು. ಪಲ್ಲವಿಯನ್ನು ಎರಡು ಬಾರಿ ಕೇಳಿದೊಡನೆಯೇ ಮನಸ್ಸು ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಮುಂದೆ ಅದು ಯಾವಾಗ ಮರಳುವುದೋ ಎಂದು ಕಾಯತೊಡಗುತ್ತದೆ. ಜಾಣನಾದ ಸಂಗೀತ ನಿರ್ದೇಶಕನು ಅದನ್ನು ಬೇಗ ಕೊಡುವುದಿಲ್ಲ. 1976ರ 'ಅನ್ನಕಿಳಿ'ಯಿಂದ ಪ್ರಸಿದ್ಧರಾದ ಇಳಯರಾಜರು ಈ ನಡುವಿನ ವಾದ್ಯಸಂಚಾರದಲ್ಲಿ ಪಿಟೀಲುಗಳನ್ನೂ ಕೊಳಲನ್ನೂ ಎಲ್ಲಿಯೋ ದೂರ ಕೊಂಡೊಯ್ದು, ದಾರಿ ತಪ್ಪಿತೆಂದು ನಾವು ಎಣಿಸುವ ಹೊತ್ತಿಗೆ ಮತ್ತೆ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. (ಅವರು ಅದಕ್ಕೆ ಮುನ್ನ ಕನ್ನಡದ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದಿದ್ದರೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು.) ನಿರೀಕ್ಷೆಯನ್ನು ಎಬ್ಬಿಸಿ ಅದರ ಪೂರೈಕೆಯನ್ನು ತಡೆಹಿಡಿಯುವುದರಲ್ಲಿಯೇ ಸಂಗೀತದ ಭಾವವು ಹುಟ್ಟುತ್ತದೆಂದು ಅಮೆರಿಕದ ವಿದ್ವಾಂಸ ಲೆನಾರ್ಡ್ ಮೇಯರ್ 1956ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದನು.

ಈ ವಾದಕ್ಕೆ ಪ್ರಯೋಗಶಾಲೆಯ ಬೆಂಬಲ ದೊರೆತುದು ಬಹು ತಡವಾಗಿ. ಕೆನಡದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಹೊರತಂದರು. ಸಂಗೀತ ಕೇಳಿ ಮೈನವಿರೇಳುವ 8 ಮಂದಿಯನ್ನು ಅವರು ಆರಿಸಿಕೊಂಡಿದ್ದರು. ನಮ್ಮ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕವಿದೆ. ಹಸಿದಾಗ ಅನ್ನ ದೊರೆತರೆ ಇದರ ಸ್ರಾವ ಹೆಚ್ಚುತ್ತದೆ. ಅದು ಬಂದು ಕೂರುವ ನೆಲೆಗಳಲ್ಲಿಯೇ ಕೂರಬಲ್ಲ, ವಿಕಿರಣವನ್ನು ಸೂಸುವ ಇನ್ನೊಂದು ವಸ್ತುವನ್ನು ರಕ್ತಕ್ಕೆ ಸೇರಿಸಿದರೆ ಇಬ್ಬರಿಗೂ ಜಾಗಕ್ಕಾಗಿ ಪೈಪೋಟಿ ನಡೆಯುತ್ತದೆ. ಡೋಪಮೀನ್ ಹೆಚ್ಚಿದಷ್ಟೂ ಆ ವಸ್ತುವಿಗೆ ಜಾಗ ಕಡಮೆ. ಹೊರಗಿನ ಯಂತ್ರವು ಇದನ್ನು ಅಳೆಯುತ್ತದೆ. ಮೆಚ್ಚಿನ ಸಂಗೀತವನ್ನು ಆಲಿಸುವಾಗ ಡೋಪಮೀನ್ ನಿಜವಾಗಿಯೂ ಹೆಚ್ಚಿತು. ಅದಕ್ಕಿಂತ ಸ್ವಾರಸ್ಯಕರವಾದುದು ಅದರ ಕಾಲಕ್ರಮ. ರೋಮಾಂಚನದ ಕ್ಷಣದಲ್ಲಿ ಮಿದುಳಿನ ಒಂದು ಭಾಗ ಚುರುಕಾದರೆ, ಆ ಕ್ಷಣವು ಬರಲಿದೆಯೆಂಬ ನಿರೀಕ್ಷೆಯಲ್ಲಿದ್ದಾಗಲೇ ಇನ್ನೊಂದು ಭಾಗ ಚುರುಕಾಗಿತ್ತು. ಕಾಯುವುದೂ ಸುಖದ ಒಂದು ಪಾಲೇ ಎಂದಾಯಿತು. ಆ ಪರೀಕ್ಷೆಗೆ ಬಳಸಿದುದು ಪದಗಳಿಲ್ಲದ ವಾದ್ಯಸಂಗೀತವೆಂಬುದನ್ನು ಮರೆಯಬಾರದು.

ಆದರೆ ಪ್ರೇಮಗೀತೆಯಲ್ಲಿ ಮನುಷ್ಯಕಂಠವಿದೆ. ದುಃಖದಲ್ಲಿ ಮಾತು ನಿಧಾನವಾಗುತ್ತದೆ, ದನಿ ತಗ್ಗುತ್ತದೆ. ಹಂಬಲದಲ್ಲಿ ಉಸಿರು ಎಳೆಯುತ್ತದೆ. ಗಾಯಕನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಈ ಗುರುತುಗಳನ್ನೇ ಬಳಸುತ್ತಾನಾದುದರಿಂದ ಭಾಷೆ ತಿಳಿಯದವನಿಗೂ ಭಾವ ತಿಳಿಯುತ್ತದೆ. ಇದಕ್ಕೆ ಪಿ. ಬಿ. ಶ್ರೀನಿವಾಸರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1961ರ 'ಪಾವಮನ್ನಿಪ್ಪು' ಚಿತ್ರದಲ್ಲಿ ವಿಶ್ವನಾಥನ್–ರಾಮಮೂರ್ತಿಯವರ ಸಂಗೀತಕ್ಕೆ ಜೆಮಿನಿ ಗಣೇಶನ್ನರಿಗಾಗಿ ಮೃದುವಾಗಿ ಹಾಡಿದ ಕಂಠವೇ ಕನ್ನಡದಲ್ಲಿ ವರ್ಷಗಟ್ಟಲೆ ರಾಜ್‌ಕುಮಾರರ ಕಂಠವಾಗಿತ್ತು. ನಾಯಕ ಬೇರೆ, ನುಡಿ ಬೇರೆ. ಮನಸೋತುದು ಒಂದೇ ದನಿಗೆ.

ಹಾಗೆಂದು ಪದಗಳನ್ನು ಕಡೆಗಣಿಸುವಂತಿಲ್ಲ. ಕನ್ನಡಿಗನಿಗಂತೂ ತಮಿಳು ಪೂರ್ತಿ ಅಪರಿಚಿತವಲ್ಲ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ತಮಿಳು ಅದನ್ನು ಉಳಿಸಿಕೊಂಡಿತು. ಅವರ 'ಪೂ' ನಮ್ಮ ಹೂ, 'ಪೆಣ್' ನಮ್ಮ ಹೆಣ್ಣು, 'ಪಾಲ್' ನಮ್ಮ ಹಾಲು, 'ಪಾಡು' ನಮ್ಮ ಹಾಡು. ಹೀಗೆ ಅರ್ಧ ತಿಳಿದು ಅರ್ಧ ತಿಳಿಯದ ಗೀತೆಯಲ್ಲಿ ಕೇಳುವವನು ತನ್ನ ಕಥೆಯನ್ನೇ ತುಂಬಿಕೊಳ್ಳುತ್ತಾನೆ. ಪೂರ್ತಿ ಅರ್ಥವಾದ ಮೇಲೆ ಕೆಲವು ಹಾಡುಗಳು ಸಪ್ಪೆಯೆನಿಸುವುದು ಇದರಿಂದಲೇ ಇರಬೇಕೆಂದು ನಮಗೆ ತೋರುತ್ತದೆ.

ಪೂರ್ತಿ ಅರ್ಥವಾದರೂ ಸಪ್ಪೆಯಾಗದ ಹಾಡುಗಳ ಗುಟ್ಟು ಬೇರೆ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ತಮಿಳು ಸಂಗಂ ಕಾವ್ಯದಲ್ಲಿ 'ಅಗಂ' ಮತ್ತು 'ಪುರಂ' ಎಂಬ ಎರಡು ವಿಭಾಗಗಳುಂಟು: ಒಳಗಿನದು, ಹೊರಗಿನದು. ಅಗಂ ಎಂದರೆ ಪ್ರೇಮಕಾವ್ಯ. ಅದರಲ್ಲಿ ಪ್ರೇಮಿಗಳ ಹೆಸರನ್ನು ಹೇಳಕೂಡದೆಂದು 'ತೊಲ್ಕಾಪ್ಪಿಯಂ' ಎಂಬ ಲಕ್ಷಣಗ್ರಂಥವು ವಿಧಿಸುತ್ತದೆ. ಹೆಸರಿಗೆ ಬದಲಾಗಿ ನಿಸರ್ಗವೇ ಮಾತನಾಡುತ್ತದೆ. ಬೆಟ್ಟದ ಕುರಿಂಜಿಯೆಂದರೆ ಮಿಲನ, ಕಾಡಿನ ಮುಲ್ಲೈ — ನಮ್ಮ ಮೊಲ್ಲೆಯೇ — ಎಂದರೆ ಕಾಯುವಿಕೆ, ಗದ್ದೆಬಯಲೆಂದರೆ ಮುನಿಸು, ಕಡಲತೀರವೆಂದರೆ ಹಂಬಲ, ಬರಡು ನೆಲವೆಂದರೆ ಅಗಲಿಕೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು 1967ರಲ್ಲಿ ಈ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಕಣ್ಣದಾಸನ್ನರಂಥ ಚಿತ್ರಕವಿಗಳು ಆ ನಿಯಮವನ್ನು ಓದಿಕೊಂಡೇ ಬರೆದರೆಂದು ನಾವು ಹೇಳುತ್ತಿಲ್ಲ. ಆದರೆ ಅವರ ಹಾಡುಗಳಲ್ಲಿಯೂ ಚಂದ್ರ, ಮಳೆ, ಹೂಗಳು ಮಾತನಾಡುತ್ತವೆ. 'ನಾನು', 'ನೀನು' ಎಂಬೆರಡು ಖಾಲಿ ಪೀಠಗಳಲ್ಲಿ ಯಾರು ಬೇಕಾದರೂ ಕೂರಬಹುದು.

ತರುಣ ವಾಚಕರು ತುಸು ಎಚ್ಚರದಿಂದ ಗಮನಿಸಬೇಕಾದುದು ಇಲ್ಲಿಯೇ. ಆ ಪೀಠದಲ್ಲಿ ಯಾರನ್ನು ಕೂರಿಸುತ್ತೇವೆ? ಕೆನಡದ ವ್ಯಾಂಕೂವರ್ ಬಳಿ ಆಳವಾದ ಕಣಿವೆಯೊಂದರ ಮೇಲೆ ತೂಗುಸೇತುವೆಯಿದೆ. ಅದನ್ನು ಆಗತಾನೆ ದಾಟಿ ಬಂದ ಗಂಡಸರಿಗೂ, ಭದ್ರವಾದ ಇನ್ನೊಂದು ಸೇತುವೆಯನ್ನು ದಾಟಿದವರಿಗೂ ತರುಣಿಯೊಬ್ಬಳು ಪ್ರಶ್ನೆಗಳನ್ನು ಕೇಳಿ ತನ್ನ ದೂರವಾಣಿ ಸಂಖ್ಯೆಯನ್ನು ಕೊಟ್ಟಳು. ತೂಗುಸೇತುವೆಯವರೇ ಹೆಚ್ಚಾಗಿ ಅವಳಿಗೆ ಕರೆಮಾಡಿದರು. ಭಯದಿಂದ ಬಡಿದುಕೊಂಡ ಎದೆಯನ್ನು ಅವರು ಒಲವೆಂದು ತಿಳಿದರೆಂಬುದು 1974ರಲ್ಲಿ ಇದನ್ನು ಪ್ರಕಟಿಸಿದ ಡಟನ್ ಮತ್ತು ಆರನ್ ಅವರ ವಿವರಣೆ. ಹಾಡಿನ ಮೇಲೆ ನಡೆದ ಪರೀಕ್ಷೆಯಲ್ಲ ಇದು. ಆದರೂ ಬಸ್ಸಿನ ಕಿಟಕಿಯ ಬಳಿ ಇಳಯರಾಜರ ಪಿಟೀಲುಗಳು ಎದೆಯನ್ನು ಕಲಕಿದ ಹೊತ್ತಿಗೆ ಎದುರಿಗೆ ಕುಳಿತವರು ಇದ್ದುದಕ್ಕಿಂತ ಚೆಲುವಾಗಿ ಕಂಡರೆ, ಆ ಚೆಲುವಿನಲ್ಲಿ ಎಷ್ಟು ಪಾಲು ಪಿಟೀಲಿನದೆಂದು ಕೇಳಿಕೊಳ್ಳಬಹುದಲ್ಲವೆ?

ಇನ್ನೊಂದು ಸಂಗತಿಯುಂಟು. ಮುಪ್ಪಿನಲ್ಲಿ ಹಿಂದಿನದನ್ನು ನೆನೆಯುವವರಿಗೆ ಸುಮಾರು 10ರಿಂದ 30ನೆಯ ವಯಸ್ಸಿನ ನಡುವಿನ ನೆನಪುಗಳೇ ದಟ್ಟವಾಗಿ ಬರುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಾಡುಗಳ ವಿಷಯದಲ್ಲಿಯೂ ಹೀಗೆಯೇ. 'ಪಾವಮನ್ನಿಪ್ಪು' ಬಂದಾಗ ಹದಿನೆಂಟರ ಹರೆಯದಲ್ಲಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಇಂಥವರು ಮನೆಯಲ್ಲಿದ್ದರೆ ಆ ಹಾಡಿನ ಪೀಠಿಕೆಯನ್ನಷ್ಟೇ ಕೇಳಿಸಿ, ಪಲ್ಲವಿ ಬರುವ ಮುನ್ನ ಅವರ ಮುಖವನ್ನು ನೋಡಿರಿ.