ಗಣಿ ಮುಚ್ಚಿತು, ಮುಪ್ಪು ಉಳಿಯಿತು: ರಾಬರ್ಟ್‌ಸನ್‌ಪೇಟೆಯಿಂದ ಬೆಳೆಗಾರರಿಗೊಂದು ಪಾಠ



ನಮ್ಮ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರ, ಧಾರಣೆ ಇವುಗಳ ವಿಚಾರ ಬರುವುದು ವಾಡಿಕೆ. ಈ ಸಲ ಯಾವ ಬೋರ್ಡೊ ದ್ರಾವಣಕ್ಕೂ ಬಗ್ಗದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಅದು ಮುಪ್ಪು.

ತೋಟದ ಯಜಮಾನರಿಗೆ ಎಪ್ಪತ್ತಾಯಿತು. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಕೊನೆ ಇಳಿಸಲು ಆಳು ಸಿಗದು, ಕಾಫಿ ಕುಯ್ಯಲು ಕೈ ಸಾಲದು. ಇಂಥ ಮನೆ ನಮ್ಮ ಯಾವ ಊರಿನಲ್ಲಿ ಇಲ್ಲ? 2011ರ ಜನಗಣತಿಯ ವೇಳೆಗೆ ಕರ್ನಾಟಕದ ಜನರಲ್ಲಿ ಶೇಕಡಾ ಒಂಬತ್ತಕ್ಕೂ ಹೆಚ್ಚು ಮಂದಿ 60 ದಾಟಿದವರಾಗಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ತಾಯಿಗೆ ಸರಾಸರಿ 1.7 ಮಕ್ಕಳು. ಅಂದರೆ ನೋಡಿಕೊಳ್ಳಬೇಕಾದವರು ಹೆಚ್ಚುತ್ತಾರೆ, ನೋಡಿಕೊಳ್ಳುವವರು ಕಡಿಮೆಯಾಗುತ್ತಾರೆ.

ಇದಕ್ಕೆ ಸರ್ಕಾರ ಮಾಡಬೇಕಾದುದೇನು, ನಾವು ಮಾಡಬೇಕಾದುದೇನು? ಇದನ್ನು ತಿಳಿಯಲು ಕೋಲಾರದ ಚಿನ್ನದ ಗಣಿಗಳ ಕಡೆಗೆ, ರಾಬರ್ಟ್‌ಸನ್‌ಪೇಟೆಯ ಕಡೆಗೆ ಒಮ್ಮೆ ನೋಡೋಣ. ಅಲ್ಲಿಗೂ ನಮ್ಮ ತೋಟಗಳಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ.

1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಈ ಗಣಿಗಳು ಒಂದು ಊರನ್ನೇ ಕಟ್ಟಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. ಬೇತಮಂಗಲದ ಕೆರೆಯಿಂದ ನೀರು ಬಂತು. ಕಾರ್ಮಿಕರಿಗೆ ಲೈನ್ ಮನೆ, ಕಾಯಿಲೆಯಾದರೆ ಗಣಿಯ ಆಸ್ಪತ್ರೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಯಜಮಾನರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಮನೆ, ಮದ್ದು, ನೀರು, ದೀಪ ಎಲ್ಲವೂ ಕೆಲಸದ ಜತೆ ಬರುವಂಥವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸಗಾರರಿಗೆ ಇಡುಗಂಟು ಸಿಕ್ಕಿತು, ನಿಜ. ಆದರೆ ಕೆಲಸದ ಜತೆ ಬಂದದ್ದೆಲ್ಲವೂ ಕೆಲಸದ ಜತೆಯೇ ಹೋಗತೊಡಗಿತು. ಭೂಮಿಯ ಕೆಳಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಬಂಡೆಯ ಧೂಳು ಕುಡಿದು ದುಡಿದವರಿಗೆ ವಯಸ್ಸಾದ ಮೇಲೆಯೇ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಬೇಕು. ಆ ಹೊತ್ತಿಗೆ ಸರಿಯಾಗಿ ಗಣಿಯ ಆಸ್ಪತ್ರೆಯ ಬಾಗಿಲು ಮುಚ್ಚಿತು.

ಪಿಂಚಣಿಯ ಕಥೆಯೂ ಹೀಗೆಯೇ. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಸೇವೆಗೆ ಲೆಕ್ಕ ಬೇರೆ, ಸಿಗುವ ಮೊತ್ತ ಸಣ್ಣದು. ಗಣಿ ಕಾರ್ಮಿಕರ ದುಡಿಮೆಯ ಬಹುಪಾಲು ವರ್ಷಗಳು ಆ ಹಿಂದಿನವೇ. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ ಈ ಪಿಂಚಣಿಗೆ ಇಲ್ಲ. ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ಗೊತ್ತುಮಾಡಲು 2014ರವರೆಗೆ ಕಾಯಬೇಕಾಯಿತು.

ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ಸೇರಿ ಬೆಂಗಳೂರಿಗೆ ಹೋಗುತ್ತದೆ. ದುಡಿಯುವ ಪ್ರಾಯದವರು ಬೆಳಗಾಗುವ ಮುನ್ನವೇ ಅದನ್ನು ಹತ್ತುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಹಗಲಿನಲ್ಲಿ ಹಿರಿಯರಿಗೆ ಒಂದು ಲೋಟ ನೀರು ಕೊಡುವವರು ನೆರೆಮನೆಯವರೇ. ಮಗ ಒಳ್ಳೆಯವನಿದ್ದರೂ ಬೆಂಗಳೂರಿನಿಂದ ಕೈ ಚಾಚಲು ಬರುವುದಿಲ್ಲ.

ಇಲ್ಲಿಂದ ನಾವು ಕಲಿಯಬೇಕಾದ ಪಾಠ ಒಂದೇ. ಮುಪ್ಪಿನ ಆಸರೆಯನ್ನು ಒಂದು ಕಂಪನಿಗೆ, ಒಂದು ತೋಟಕ್ಕೆ, ಒಬ್ಬ ಮಗನಿಗೆ ಮಾತ್ರ ಕಟ್ಟಿಹಾಕಬಾರದು. ಆಸರೆ ಮನುಷ್ಯನ ಜತೆಯಲ್ಲೇ ಇರಬೇಕು. ಅದರಲ್ಲಿ ಹಣ, ಮದ್ದು, ಹತ್ತಿರದ ಕೈ ಈ ಮೂರೂ ಸೇರಿರಬೇಕು.

ಹೊರದೇಶಗಳು ಇದನ್ನು ನಿಧಾನವಾಗಿ ಕಲಿತವು. ಜರ್ಮನಿ 1889ರಲ್ಲೇ ವೃದ್ಧಾಪ್ಯ ವಿಮೆಯ ಕಾನೂನು ಮಾಡಿತು. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಪಾಲು ಕೊಡಬೇಕು, ಪಿಂಚಣಿ 70ಕ್ಕೆ. 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಆಯುಸ್ಸು ಹೆಚ್ಚಿದಂತೆ ಈಗ ಹಂತಹಂತವಾಗಿ 67ಕ್ಕೆ ಏರಿಸುತ್ತಿದ್ದಾರೆ. ಹಣವೊಂದೇ ಸಾಲದೆಂದು ಕಂಡ ಜಪಾನ್ 2000ದಲ್ಲಿ ಆರೈಕೆ ವಿಮೆಯನ್ನು ತಂದಿತು. 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಮುಪ್ಪಿನಲ್ಲಿ ಸ್ನಾನ ಮಾಡಿಸಲು, ಊಟ ಕೊಡಲು, ಮನೆಗೆ ಬಂದು ನೋಡಿಕೊಳ್ಳಲು ಜನ ಸಿಗುತ್ತಾರೆ.

ನಮ್ಮಲ್ಲಿ ಏನಿದೆ? ಬಡ ವೃದ್ಧರ ಪಿಂಚಣಿಗೆ ಕೇಂದ್ರ ಕೊಡುವ ಪಾಲು 80ರ ಒಳಗಿನವರಿಗೆ 200 ರೂಪಾಯಿ, 80 ದಾಟಿದವರಿಗೆ 500. ಉಳಿದುದನ್ನು ರಾಜ್ಯಗಳು ಸೇರಿಸಬೇಕು. ಕರ್ನಾಟಕದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯಿಂದ ಆರಂಭವಾಗಿ ಈಚೆಗೆ 1,200ಕ್ಕೆ ಬಂದಿದೆ. 65 ತುಂಬಿದ, ಕಡಿಮೆ ವರಮಾನದ ಸಣ್ಣ ರೈತರಿಗೂ ಅದು ದೊರೆಯುತ್ತದೆ. ಸಾಲದು ಎಂಬುದು ಸರಿ. ಆದರೂ ಇದು ಯಾವ ಗಣಿ ಮುಚ್ಚಿದರೂ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊತ್ತ ಬೆಲೆಯ ಜತೆಗೆ ಏರಬೇಕೆಂದು ಕೇಳುವುದು ನಮ್ಮ ಹಕ್ಕು.

ಸಹಕಾರಿಗಳಾದ ನಮಗೆ ಇನ್ನೊಂದು ಅನುಭವವೂ ಉಂಟು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದ ಸದಸ್ಯನಿಗೆ ಶಸ್ತ್ರಚಿಕಿತ್ಸೆಯ ಆಸರೆ ಸಿಕ್ಕಿತು. 2018ರಲ್ಲಿ ನಿಂತ ಯೋಜನೆ ಮತ್ತೆ ಆರಂಭವಾದದ್ದು 2023ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ನಮ್ಮವರಿಗೂ ವಯಸ್ಸಾಗುತ್ತಲೇ ಇತ್ತು. ಮುದುಕರಿಗೆ ಬೇಕಾದದ್ದು ನಡುವೆ ಕಡಿಯದ ಯೋಜನೆ.

ಇನ್ನು ನಮ್ಮ ಕೈಯಲ್ಲಿರುವ ಕೆಲಸಗಳು. ಮೊದಲನೆಯದು, ಐದು ಎಕರೆಯೊಳಗಿನ ಜಮೀನುಳ್ಳ, 18ರಿಂದ 40ರ ಪ್ರಾಯದ ಮಕ್ಕಳನ್ನು 2019ರ ಕಿಸಾನ್ ಮಾನ್‌ಧನ್ ಯೋಜನೆಗೆ ಸೇರಿಸುವ ವಿಚಾರ ಮಾಡಿರಿ. ತಿಂಗಳಿಗೆ 55ರಿಂದ 200 ರೂಪಾಯಿ ಕಂತು, ಅಷ್ಟೇ ಕೇಂದ್ರದ ಪಾಲು. 60ರ ಮೇಲೆ ತಿಂಗಳಿಗೆ 3,000 ರೂಪಾಯಿ.

ಎರಡನೆಯದು, ತೋಟವನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವಾಗ ‘ನಮ್ಮ ಜೀವಮಾನಪೂರ್ತಿ ಪಾಲನೆ ಪೋಷಣೆ ಮಾಡತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಪತ್ರವನ್ನು ರದ್ದುಮಾಡಿಸಬಹುದು. ಷರತ್ತು ಇಲ್ಲದಿದ್ದರೆ ಕಷ್ಟ. ಬರೆಸಿದರೆ ಮಗನ ಮೇಲೆ ಅಪನಂಬಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಮರಕ್ಕೆ ಊರೆ ಕೊಡುವುದು ಮರದ ಮೇಲಿನ ಅಪನಂಬಿಕೆಯಿಂದಲ್ಲ.

ಮೂರನೆಯದು ಹತ್ತಿರದ ಕೈ. ಒಂಟಿಯಾಗಿರುವ ಹಿರಿಯ ಸದಸ್ಯರ ಪಟ್ಟಿಯನ್ನು ಪ್ರತಿ ಗ್ರಾಮದ ನಿರ್ದೇಶಕರು ಮಾಡಲಿ. ಅವರ ಕೊಯ್ಲಿಗೆ, ಔಷಧಿ ಸಿಂಪರಣೆಗೆ ಸರದಿಯ ಮೇಲೆ ಆಳು ಒದಗಿಸೋಣ. ವಾರಕ್ಕೊಮ್ಮೆ ಒಬ್ಬರು ಹೋಗಿ ಮಾತನಾಡಿಸಿ ಬರಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ರಾಬರ್ಟ್‌ಸನ್‌ಪೇಟೆಯ ಹಿರಿಯರಿಗೆ ಗಣಿ ಎಂದೋ ಒಂದು ದಿನ ಮುಚ್ಚಬಹುದೆಂದು ಗೊತ್ತಿತ್ತು. ಮುಚ್ಚಿದ ಮೇಲೆ ಆಸ್ಪತ್ರೆ ಯಾರದು, ಪಿಂಚಣಿ ಎಷ್ಟು, ಜತೆಗೆ ಯಾರು ಎಂಬುದನ್ನು ಹೊಣೆ ಹೊತ್ತವರು ಮೊದಲೇ ಕೂತು ಗೊತ್ತುಮಾಡಲಿಲ್ಲ. ನಮಗೆ ಇನ್ನೂ ಸಮಯವಿದೆ. ಮುಂದಿನ ಮಹಾಸಭೆಯಲ್ಲಿ ಧಾರಣೆಯ ಚರ್ಚೆ ಮುಗಿದ ಬಳಿಕ ಈ ವಿಷಯಕ್ಕೂ ಅರ್ಧ ಗಂಟೆ ಕೊಡಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.