ಮೋಟಾರು ಕಾರಿನ ಟೈಮಿಂಗ್ ಬೆಲ್ಟು ಮತ್ತು ಆಯಿಲ್ ಸೀಲುಗಳನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಮಿಣಿಯು ಸವೆದುದು ಎಲ್ಲರ ಕಣ್ಣಿಗೂ ಬೀಳುತ್ತಿದ್ದಿತು. ಒಂದೆರಡು ಎಳೆ ಬಿಚ್ಚಿದೊಡನೆಯೇ ಒಕ್ಕಲಿಗನು ಎಚ್ಚೆತ್ತು ಹೊಸ ಮಿಣಿಯನ್ನು ಸಿದ್ಧಪಡಿಸಿಕೊಳ್ಳುತ್ತಿದ್ದನು. ಇಂದು ಅನೇಕ ಜಮೀನುದಾರರ ಅಂಗಳದಲ್ಲಿ ನಿಂತಿರುವ ಮೋಟಾರು ಕಾರಿನೊಳಗೂ ಅಂತಹುದೇ ಒಂದು ಪಟ್ಟಿಯುಂಟು. ಆದರೆ ಅದು ಮುಚ್ಚಳದೊಳಗೆ ಅಡಗಿರುವುದರಿಂದ ಅದರ ಸವೆತ ಹೊರಗೆ ಕಾಣದು. ಅನೇಕ ವೇಳೆ ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ಕಡಿದುಹೋಗುವುದು. ಇದೇ ಟೈಮಿಂಗ್ ಬೆಲ್ಟು. ಹಳ್ಳಿಯಲ್ಲಿ ಕಾರು ಒಬ್ಬರ ಸ್ವತ್ತಾದರೂ ಆಪತ್ಕಾಲದಲ್ಲಿ ಊರಿಗೆಲ್ಲ ಆಸರೆಯಾದುದು. ಹೆರಿಗೆಯ ನೋವು ಬಂದ ಹೆಂಗಸನ್ನಾಗಲಿ, ಹಾವು ಕಚ್ಚಿದವನನ್ನಾಗಲಿ ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲಿ ಈ ಪಟ್ಟಿ ಕಡಿದರೆ ಆಗತಕ್ಕ ಅನರ್ಥವನ್ನು ವಿವರಿಸಬೇಕಾದುದಿಲ್ಲ.

ಬೆಲ್ಟಿನ ಕೆಲಸ

ಎಂಜಿನ್ನಿನ ಕೆಳಭಾಗದಲ್ಲಿರುವ ಕ್ರ್ಯಾಂಕ್ ಶಾಫ್ಟು ಪಿಸ್ಟನ್ನುಗಳಿಂದ ತಿರುಗುತ್ತದೆ. ಮೇಲ್ಭಾಗದ ಕ್ಯಾಮ್ ಶಾಫ್ಟು ವಾಲ್ವುಗಳನ್ನು ತೆರೆಯಿಸಿ ಮುಚ್ಚಿಸುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಕ್ಯಾಮು ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಹೊಂದಿಕೆಯನ್ನು ಕಾಯುವುದೇ ಹಲ್ಲುಗಳುಳ್ಳ ರಬ್ಬರಿನ ಬೆಲ್ಟು. ಇದನ್ನು ಕಾರುಗಳಲ್ಲಿ ರೂಢಿಗೆ ತಂದವರಲ್ಲಿ ಮೊದಲಿಗರು ಜರ್ಮನಿಯ ಗ್ಲಾಸ್ ಕಂಪನಿಯವರು. ಡಿಂಗೋಲ್ಫಿಂಗ್ ಪಟ್ಟಣದ ಆ ಕಂಪನಿಯು ಮೊದಲು ಬಿತ್ತನೆಯ ಯಂತ್ರಗಳನ್ನು ತಯಾರಿಸುತ್ತಿದ್ದುದು ಒಕ್ಕಲುತನದವರಿಗೆ ಸ್ವಾರಸ್ಯವಾದ ಸಂಗತಿ. ೧೯೬೨ರಲ್ಲಿ ಮಾರಾಟಕ್ಕೆ ಬಂದ ಅವರ ಗ್ಲಾಸ್ ೧೦೦೪ ಕಾರಿನಲ್ಲಿ ಈ ಏರ್ಪಾಡು ಇದ್ದಿತು. ನಮ್ಮ ದೇಶದಲ್ಲಿ ೧೯೮೩ರಲ್ಲಿ ಬಂದ ಮಾರುತಿ ೮೦೦ ಕಾರಿನಲ್ಲಿಯೂ ಬೆಲ್ಟೇ ಇದ್ದಿತು. ಕೆಲವು ಕಾರುಗಳಲ್ಲಿ ಇದರ ಬದಲು ಚೈನು ಇರುವುದುಂಟು. ಆದುದರಿಂದ ತಮ್ಮ ಕಾರಿನಲ್ಲಿ ಯಾವುದಿದೆಯೆಂಬುದನ್ನು ಮೊದಲು ಪುಸ್ತಕ ನೋಡಿ ತಿಳಿಯತಕ್ಕದ್ದು.

ಬೆಲ್ಟು ಕಡಿದರೆ ಕ್ಯಾಮು ನಿಲ್ಲುವುದು. ಪಿಸ್ಟನ್ನುಗಳು ಮಾತ್ರ ವೇಗದಿಂದ ಚಲಿಸುತ್ತಲೇ ಇರುವುವು. ಡೀಸೆಲ್ ಎಂಜಿನ್ನುಗಳಲ್ಲಿಯೂ ಅನೇಕ ಪೆಟ್ರೋಲ್ ಎಂಜಿನ್ನುಗಳಲ್ಲಿಯೂ ಆಗ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುವುದು. ಒಂದು ಬೆಲ್ಟಿನ ಖರ್ಚು ಎಂಜಿನ್ನನ್ನೇ ಬಿಚ್ಚುವ ಖರ್ಚಾಗುವುದು. ಬದಲಾಯಿಸುವ ಅವಧಿಯು ಸಾಮಾನ್ಯವಾಗಿ ೬೦,೦೦೦ದಿಂದ ೧,೦೦,೦೦೦ ಕಿಲೋಮೀಟರುಗಳ ಒಳಗೆ ಇರುತ್ತದೆ. ಆದರೆ ತಯಾರಕರ ಪುಸ್ತಕದ ಅಂಕಿಯೇ ಪ್ರಮಾಣ. ಕಾರು ಕಡಿಮೆ ಓಡಿದ್ದರೂ ರಬ್ಬರು ವಯಸ್ಸಿನಿಂದ ಸೀಳುವುದರಿಂದ ವರ್ಷಗಳ ಗಡುವನ್ನೂ ಮೀರಕೂಡದು.

ಸೀಲುಗಳನ್ನು ಜೊತೆಯಲ್ಲಿಯೇ ಏಕೆ ಬದಲಾಯಿಸಬೇಕು?

ಶಾಫ್ಟುಗಳು ಹೊರಗೆ ಚಾಚಿರುವ ಕಡೆ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಬಳೆಗಳೇ ಆಯಿಲ್ ಸೀಲುಗಳು. ವರ್ಷಗಳ ಶಾಖದಿಂದ ಇವುಗಳ ತುಟಿ ಗಡುಸಾಗಿ ಎಣ್ಣೆ ಒಸರಲಾರಂಭಿಸುವುದು. ಆ ಎಣ್ಣೆ ಬೆಲ್ಟಿಗೆ ತಗಲಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಹಲ್ಲುಗಳು ಕಿತ್ತುಹೋಗುವುವು. ಸೀಲಿನ ಬೆಲೆ ಅಲ್ಪ. ಅದನ್ನು ತಲುಪುವ ಶ್ರಮವೇ ಅಧಿಕ. ಹಳೆಯ ಸೀಲನ್ನು ಉಳಿಸಿ ಹೊಸ ಬೆಲ್ಟು ಹಾಕುವುದೆಂದರೆ ಏರಿ ಕಟ್ಟಿ ತೂಬನ್ನು ದುರಸ್ತಿ ಮಾಡದೆ ಬಿಟ್ಟಂತೆ. ಟೆನ್ಷನರನ್ನೂ, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪಿದ್ದರೆ ಅದನ್ನೂ ಇದೇ ವೇಳೆಯಲ್ಲಿ ಬದಲಾಯಿಸುವುದು ಮಿತವ್ಯಯ.

ಕೆಲಸಕ್ಕೆ ಮುಂಚೆ

ಪಂಪ್ ಸೆಟ್ಟಿನ ರಿಪೇರಿ ಬಲ್ಲವರಿಗೆ ಈ ಕೆಲಸ ಅಸಾಧ್ಯವೇನಲ್ಲ. ಆದರೆ ಗುರುತುಗಳಿಲ್ಲದೆ, ವಿಶೇಷ ಪಿನ್ನುಗಳಿಂದ ಶಾಫ್ಟನ್ನು ಬಂಧಿಸಬೇಕಾದ ಎಂಜಿನ್ನುಗಳೂ ಉಂಟು. ಆ ಸಲಕರಣೆಗಳಿಲ್ಲದವರು ಅಂತಹುದಕ್ಕೆ ಕೈಹಾಕದೆ ನುರಿತ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ಲೇಸು. ಕಾರಿನ ರಿಪೇರಿ ಪುಸ್ತಕವೂ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನೆಯೂ ಇಲ್ಲದೆ ಆರಂಭಿಸಕೂಡದು.

ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಸಮನಾದ ಗಟ್ಟಿನೆಲದಲ್ಲಿ ಕಾರನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯಬೇಕು. ಜಾಕಿಯಿಂದ ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡು ಕೊಡತಕ್ಕದ್ದು. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಹೋಗಕೂಡದು. ಎಂಜಿನ್ನಿನ ಮೌಂಟನ್ನು ಬಿಚ್ಚಬೇಕಾದಲ್ಲಿ ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಆಧಾರ ಕೊಡಬೇಕು.

ಗುರುತು ಕೂಡಿಸುವುದು

ಹೊರಗಿನ ಬೆಲ್ಟುಗಳನ್ನು ತೆಗೆದ ಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಸಡಿಲಿಸಬೇಕು. ಇದು ಬಹಳ ಬಿಗಿಯಾಗಿರುತ್ತದೆ. ಗೇರು ಹಾಕಿ, ಮತ್ತೊಬ್ಬರು ಬ್ರೇಕನ್ನು ಒತ್ತಿ ಹಿಡಿದರೆ ಶಾಫ್ಟು ತಿರುಗದು. ಅನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಂಜಿನ್ನು ಎಂದಿನಂತೆ ತಿರುಗುವ ದಿಕ್ಕಿನಲ್ಲಿಯೇ ಕ್ರ್ಯಾಂಕನ್ನು ಪಾನೆಯಿಂದ ತಿರುಗಿಸುತ್ತ, ಕ್ರ್ಯಾಂಕು ಮತ್ತು ಕ್ಯಾಮುಗಳ ಗುರುತುಗಳೆರಡೂ ತಮ್ಮ ತಮ್ಮ ಎದುರು ಗುರುತಿಗೆ ಬರುವಂತೆ ಮಾಡಬೇಕು. ಕ್ರ್ಯಾಂಕಿನ ಗುರುತು ಕೂಡಿ ಕ್ಯಾಮಿನದು ಕೂಡದಿದ್ದರೆ ಇನ್ನೊಂದು ಸುತ್ತು ತಿರುಗಿಸತಕ್ಕದ್ದು. ಬಿಳಿಯ ಬಣ್ಣದಿಂದ ತಾವೂ ಗುರುತಿಟ್ಟು, ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ಸಂಶಯಕ್ಕೆ ಎಡೆಯಿರದು. ಆಮೇಲೆ ಟೆನ್ಷನರನ್ನು ಸಡಿಲಿಸಿ ಬೆಲ್ಟನ್ನು ತೆಗೆಯಬೇಕು. ಅಲ್ಲಿಂದ ಮುಂದೆ ಯಾವ ಶಾಫ್ಟನ್ನೂ ತಿರುಗಿಸಕೂಡದು.

ಸೀಲುಗಳನ್ನು ಕೂರಿಸುವುದು

ಹಳೆಯ ಸೀಲು ಎಷ್ಟು ಒಳಗೆ ಕುಳಿತಿದೆಯೆಂಬುದನ್ನು ಮೊದಲು ಅಳೆದಿಟ್ಟುಕೊಳ್ಳಬೇಕು. ಕೊಕ್ಕೆಯಿಂದ ಅದನ್ನು ಮೀಟಿ ತೆಗೆಯುವಾಗ ಶಾಫ್ಟಿಗೆ ಗೀರು ಬೀಳಬಾರದು. ಕೂದಲೆಳೆಯಷ್ಟು ಗೀರಾದರೂ ಎಣ್ಣೆಗೆ ದಾರಿಯಾಗುವುದು. ಕುಳಿಯನ್ನು ಶುಚಿಮಾಡಿ, ಹೊಸ ಸೀಲಿನ ತುಟಿಗೆ ಎಂಜಿನ್ ಆಯಿಲನ್ನು ಸವರಿ, ಸ್ಪ್ರಿಂಗ್ ಇರುವ ಬದಿಯನ್ನು ಒಳಮುಖವಾಗಿಟ್ಟು, ಸೀಲಿನಷ್ಟೇ ಅಗಲವಾದ ಕೊಳವೆಯಿಂದ ಓರೆಯಾಗದಂತೆ ಮೆಲ್ಲಗೆ ಒತ್ತಿ ಅದೇ ಆಳಕ್ಕೆ ಕೂರಿಸಬೇಕು.

ವಾಟರ್ ಪಂಪನ್ನು ತೆಗೆದಲ್ಲಿ ಕೂಲೆಂಟು ಹೊರಗೆ ಬರುವುದು. ಅದರ ರುಚಿ ಸಿಹಿ, ಗುಣ ವಿಷ. ದನಕರುಗಳೂ ನಾಯಿಗಳೂ ಬಾಯಿಡದಂತೆ ಪಾತ್ರೆಯಲ್ಲಿ ಹಿಡಿದು ಮುಚ್ಚಿಡತಕ್ಕದ್ದು; ಕಾಲುವೆಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲಕೂಡದು.

ಹೊಸ ಬೆಲ್ಟು ಮತ್ತು ಪರೀಕ್ಷೆ

ಹೊಸ ಬೆಲ್ಟನ್ನು ಮಡಿಸುವುದಾಗಲಿ, ಒಳಹೊರಗು ಮಾಡುವುದಾಗಲಿ, ಎಣ್ಣೆಕೈಯಿಂದ ಮುಟ್ಟುವುದಾಗಲಿ ಕೂಡದು. ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹೊಂದಿಸಬೇಕು. ಕ್ರ್ಯಾಂಕಿನಿಂದ ಆರಂಭಿಸಿ, ಟೆನ್ಷನರ್ ಇಲ್ಲದ ಬದಿಯನ್ನು ಸಡಿಲವಿಲ್ಲದಂತೆ ಹಿಡಿದು ಕ್ಯಾಮಿಗೆ ಹಾಕಿ, ಟೆನ್ಷನರಿನ ಬದಿಯನ್ನು ಕಡೆಯಲ್ಲಿ ಕೂಡಿಸಬೇಕು. ಬಿಗಿತವು ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಕ್ರ್ಯಾಂಕನ್ನು ಪಾನೆಯಿಂದ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿದರೆ ಗುರುತುಗಳೆಲ್ಲ ಮರಳಿ ಕೂಡಬೇಕು. ಒಂದು ಹಲ್ಲು ತಪ್ಪಿದ್ದರೂ ಬೆಲ್ಟನ್ನು ತೆಗೆದು ಪುನಃ ಹಾಕತಕ್ಕದ್ದು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲಪ್ರಯೋಗ ಮಾಡದೆ ಅಲ್ಲಿಯೇ ನಿಲ್ಲಿಸಬೇಕು. ವಾಲ್ವು ಪಿಸ್ಟನ್ನಿಗೆ ತಾಗಿರಬಹುದು. ಕೈಯಿಂದ ತಿರುಗಿಸುವಾಗ ತಿಳಿದ ತಪ್ಪಿಗೆ ದಂಡವಿಲ್ಲ. ಕೀಲಿ ತಿರುಗಿಸಿದ ಮೇಲೆ ತಿಳಿದ ತಪ್ಪಿಗೆ ಎಂಜಿನ್ನೇ ದಂಡ. ಪರೀಕ್ಷೆ ಸರಿಹೋದ ಮೇಲೆಯೇ ಮುಚ್ಚಳ, ಪುಲ್ಲಿ, ಮೌಂಟುಗಳನ್ನು ನಿಗದಿಯಾದ ಬಿಗಿತಕ್ಕೆ ಕೂಡಿಸಿ, ಕೂಲೆಂಟು ತುಂಬಿ ಎಂಜಿನ್ನನ್ನು ನಡೆಸಬೇಕು.

ತಾರೀಖನ್ನೂ ಓಡಿದ ಕಿಲೋಮೀಟರನ್ನೂ ಬರೆದು ಬಾನೆಟ್ಟಿನ ಒಳಗೆ ಅಂಟಿಸಿಟ್ಟರೆ ಮುಂದಿನ ಗಡುವು ಮರೆತುಹೋಗದು. ಹಳೆಯ ಕಾರನ್ನು ಕೊಂಡು ತಂದವರು ಇಂತಹ ದಾಖಲೆ ದೊರೆಯದಿದ್ದರೆ ಬೆಲ್ಟಿನ ಗಡುವು ಮುಗಿದಿದೆಯೆಂದೇ ಭಾವಿಸತಕ್ಕದ್ದು. ಸುಗ್ಗಿ ಮುಗಿದು ಮುಂಗಾರು ಬರುವುದರೊಳಗೆ ದೊರೆಯುವ ಬಿಡುವಿನಲ್ಲಿ ಒಂದೆರಡು ದಿನಗಳನ್ನು ಇದಕ್ಕೆ ಮೀಸಲಿಟ್ಟರೆ, ಮಳೆಗಾಲದ ನಡುರಾತ್ರಿಯಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಿದಾಗ ಕಾರು ಹೊರಡಲು ಸಿದ್ಧವಾಗಿರುವುದು.