ಯೋಧನ ಸಹನೆಯೂ ಪಿತ್ತದ ಕಲ್ಲೂ

ರಣರಂಗದಲ್ಲಿ ನೋವನ್ನು ನುಂಗಿಕೊಳ್ಳುವುದು ಯೋಧನಿಗೆ ಭೂಷಣ. ಮುಪ್ಪಿನಲ್ಲಿ ಪಿತ್ತಕೋಶದಲ್ಲಿ ಕಲ್ಲಾದಾಗ ಅದೇ ಸಹನೆ ಅವನಿಗೆ ವೈರಿಯಾದೀತು.

ಯಕೃತ್ತಿನ ಅಡಿಯಲ್ಲಿ ಪಿತ್ತರಸವನ್ನು ಕೂಡಿಟ್ಟುಕೊಳ್ಳುವ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ ಕಲ್ಲು ಕಟ್ಟುವುದು ಹೆಂಗಸರಲ್ಲಿ ಹೆಚ್ಚು. ಆದರೆ ಗಂಡಸರು ಶಸ್ತ್ರಕ್ರಿಯೆಗೆ ಬರುವ ವೇಳೆಗೆ ಉರಿಯೂತ ಬಲಿತಿರುವುದೇ ಹೆಚ್ಚೆಂದು ವೈದ್ಯರು ಬಲ್ಲರು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಬರುವವರಲ್ಲಿ ಬಹುಪಾಲು ವಯಸ್ಸಾದ ಗಂಡಸರು. ಹಲವರಿಗೆ ಸಕ್ಕರೆ ಕಾಯಿಲೆ, ಹೃದ್ರೋಗಗಳೂ ಉಂಟು. ಆದುದರಿಂದ ಅಲ್ಲಿನ ಶಸ್ತ್ರವೈದ್ಯರ ಕೆಲಸ ಸುಲಭದ್ದಲ್ಲ.

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮೊತ್ತಮೊದಲಿಗೆ ಪಿತ್ತಕೋಶವನ್ನು ತೆಗೆದುದು 43 ವರ್ಷದ ಗಂಡಸೊಬ್ಬನಿಗೆ. ನೂರು ವರ್ಷಗಳವರೆಗೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯುವುದೇ ದಾರಿಯಾಗಿತ್ತು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಸಣ್ಣ ರಂಧ್ರದ ಮೂಲಕ ನಳಿಗೆ ತೂರಿಸಿ ಆ ಕೆಲಸ ಮಾಡಿದರು. ಲ್ಯಾಪರೊಸ್ಕೋಪಿ ಎಂಬ ಈ ವಿಧಾನ 1990ರ ದಶಕದಲ್ಲಿ ಎಲ್ಲೆಡೆ ಹಬ್ಬಿತು. ಇಂದು ಅನೇಕರು ಒಂದೆರಡು ದಿನಗಳಲ್ಲೇ ಮನೆಗೆ ಮರಳುತ್ತಾರೆ. ಆದರೆ ಉರಿಯೂತದಿಂದ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಹಳೆಯ ದೊಡ್ಡ ಕೊಯ್ತಕ್ಕೇ ಮರಳಬೇಕಾಗುತ್ತದೆ. ಅದನ್ನು ವೈದ್ಯನ ಸೋಲೆನ್ನಲಾಗದು. ಪಿತ್ತನಾಳಕ್ಕೆ ಗಾಯವಾಗದಿರಲೆಂದು ವಹಿಸುವ ಎಚ್ಚರವದು.

ಆ ಆಸ್ಪತ್ರೆಗಳಿಂದ ಕಲಿಯಬೇಕಾದ ಇನ್ನೊಂದು ಪಾಠ, ಲೆಕ್ಕವಿಡುವುದು. ಶಸ್ತ್ರಕ್ರಿಯೆಗಳ ಫಲಿತಾಂಶವನ್ನು ರೋಗಿಯ ವಯಸ್ಸು, ಇತರ ಕಾಯಿಲೆಗಳೊಡನೆ ತೂಗಿ ವರದಿ ಮಾಡಬೇಕೆಂದು 1985ರಲ್ಲಿ ಅಮೆರಿಕದ ಶಾಸನಸಭೆ ವಿಧಿಸಿತು. 1991ರಲ್ಲಿ 44 ಆಸ್ಪತ್ರೆಗಳಲ್ಲಿ ಅಧ್ಯಯನ ಆರಂಭವಾಗಿ, 1994ರಿಂದ ಆ ಪದ್ಧತಿ ಎಲ್ಲೆಡೆ ವಿಸ್ತರಿಸಿತು. ಸುಮಾರು ಹತ್ತು ವರ್ಷಗಳಲ್ಲಿ, ಎಲ್ಲ ದೊಡ್ಡ ಶಸ್ತ್ರಕ್ರಿಯೆಗಳನ್ನೂ ಒಟ್ಟಾಗಿ ನೋಡಿದಾಗ, 30 ದಿನಗಳೊಳಗಿನ ಮರಣ ಶೇಕಡಾ 27ರಷ್ಟೂ ತೊಡಕುಗಳು ಶೇಕಡಾ 45ರಷ್ಟೂ ಇಳಿದವು. ತನ್ನ ತಪ್ಪನ್ನು ತಾನೇ ಎಣಿಸುವ ಆಸ್ಪತ್ರೆಯೇ ತಿದ್ದಿಕೊಳ್ಳಬಲ್ಲುದು.

ಗಡಿಯಾಚೆಯ ನಮ್ಮ ಮನೆಗಳಲ್ಲಿಯೂ ಸೈನ್ಯದಿಂದ ನಿವೃತ್ತರಾದ ಹಿರಿಯರಿದ್ದಾರೆ. ನಿವೃತ್ತಿವೇತನ ಪಡೆಯುವ ಮಾಜಿ ಸೈನಿಕರಿಗಾಗಿ 2003ರ ಏಪ್ರಿಲ್ 1ರಿಂದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ನಮ್ಮ ದೇಶದಲ್ಲಿ ನಡೆದುಬಂದಿದೆ. ಸದಸ್ಯರ ಪತ್ನಿಗೂ ಅದರ ನೆರವುಂಟು. ತೊಂದರೆ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಡ. ಆದರೆ ಜಿಡ್ಡಿನ ಊಟದ ಬಳಿಕ ಬಲಪಕ್ಕೆಯಲ್ಲೆದ್ದು ಬೆನ್ನಿಗೋ ಭುಜಕ್ಕೋ ಹರಡುವ ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಒಂದು ದಿನವೂ ತಡೆಯಬಾರದು. ಉರಿಯೂತ ತೊಡಗಿದ ಕೆಲವೇ ದಿನಗಳಲ್ಲಿ ಮಾಡುವ ಶಸ್ತ್ರಕ್ರಿಯೆ ಹೆಚ್ಚು ಕ್ಷೇಮಕರ. "ಏನೂ ಇಲ್ಲ, ಬರೀ ವಾಯು" ಎಂದು ಹಿರಿಯರು ತಳ್ಳಿಹಾಕಿದರೆ, ಮನೆಯವರು ಆ ಮಾತಿಗೆ ಒಪ್ಪದಿರಲಿ ಎಂಬುದೇ ನಮ್ಮ ಬಿನ್ನಹ.